ಕೀಲಿಮಣೆಯ ಅಕ್ಷರಕ್ರಮ

ಅರ್ಜಿ, ವಕಾಲತ್ತು, ತಕರಾರುಗಳನ್ನು ಟೈಪು ಮಾಡಿಸುವುದು ನಮ್ಮ ವೃತ್ತಿಯ ನಿತ್ಯಕರ್ಮ. ಇಂಗ್ಲಿಷ್ ಕೀಲಿಮಣೆಯಲ್ಲಿ ಕ್ಯೂ, ಡಬ್ಲ್ಯೂ, ಇ, ಆರ್, ಟಿ, ವೈ ಎಂದು ಅಕ್ಷರಗಳು ದಿಕ್ಕೆಟ್ಟು ನಿಂತಿರುವುದೇಕೆಂದು ಕೇಳಿದರೆ, ಕಚೇರಿಯಂಗಳದ ಟೈಪಿಸ್ಟನಿಂದ ಹಿಡಿದು ಪದವೀಧರರವರೆಗೆ ಎಲ್ಲರದೂ ಒಂದೇ ಉತ್ತರ: ಬೆರಳಿನ ವೇಗವನ್ನು ತಡೆಯಲೆಂದೇ ಹೀಗೆ ಮಾಡಿದರಂತೆ! ಈ 'ಅಂತೆ'ಯನ್ನು ಯಾವ ನ್ಯಾಯಾಧೀಶರ ಮುಂದೆಯೂ ನಾವು ಸಾಕ್ಷ್ಯವೆಂದು ಮಂಡಿಸಲಾರೆವು.

ಅಮೆರಿಕೆಯ ಮಿಲ್‌ವಾಕೀ ಪಟ್ಟಣದ ಪತ್ರಿಕಾಕರ್ತ ಕ್ರಿಸ್ಟಫರ್ ಷೋಲ್ಸನು ಗ್ಲಿಡನ್ ಹಾಗೂ ಸೂಲೆ ಎಂಬವರೊಡಗೂಡಿ 1868ರಲ್ಲಿ ಈ ಯಂತ್ರಕ್ಕೆ ಪೇಟೆಂಟು ಪಡೆದನು. ಮೊದಲಿನ ಮಾದರಿಯ ಕೀಲಿಗಳು ಪಿಯಾನೋ ವಾದ್ಯದವುಗಳಂತೆ, ಅಕಾರಾದಿಯಾಗಿಯೇ ಇದ್ದುವು. ಅದರ ಗುರುತು ಇಂದಿಗೂ ಅಳಿದಿಲ್ಲ. ನಡುಸಾಲಿನ ಡಿ, ಎಫ್, ಜಿ, ಎಚ್, ಜೆ, ಕೆ, ಎಲ್‌ಗಳನ್ನು ವಾಚಕರು ಓದಿ ನೋಡಲಿ. 1873ರಲ್ಲಿ ಬಂದೂಕು ತಯಾರಕರಾದ ರೆಮಿಂಗ್ಟನ್ನರೊಡನೆ ಒಪ್ಪಂದವಾಗಿ, ಮರುವರ್ಷ ಯಂತ್ರವು ಮಾರಾಟಕ್ಕೆ ಬಂದಿತು.

ಅಕ್ಷರದ ಸರಳುಗಳು ಒಂದಕ್ಕೊಂದು ತೊಡರುತ್ತಿದ್ದುದು ನಿಜ. ಆದರೆ ತೊಡರನ್ನು ತಪ್ಪಿಸುವುದೆಂದರೆ ವೇಗಕ್ಕೆ ದಾರಿ ಬಿಡುವುದಲ್ಲದೆ ವೇಗವನ್ನು ತಡೆಯುವುದಲ್ಲ. ಮೇಲಾಗಿ, ಯಂತ್ರವೇ ಹೊಸದಾಗಿದ್ದಾಗ ತಡೆಯಬೇಕಾದ ಶೀಘ್ರಹಸ್ತರಾದರೂ ಎಲ್ಲಿದ್ದರು? ಇಂಗ್ಲಿಷಿನಲ್ಲಿ ಪದೇ ಪದೇ ಜೊತೆಗೂಡುವ ಇ, ಆರ್‌ಗಳು ನೆರೆಹೊರೆಯಲ್ಲಿಯೇ ಇರುವುದನ್ನೂ ಗಮನಿಸಬೇಕು. ಕ್ಯೋಟೋ ವಿಶ್ವವಿದ್ಯಾಲಯದ ಯಾಸುಓಕಾ ವಿದ್ವಾಂಸರು 2011ರಲ್ಲಿ ಬೇರೊಂದು ಪಕ್ಷವನ್ನು ಹೂಡಿದರು. ಮೊದಲ ಬಳಕೆದಾರರಲ್ಲಿ ತಂತಿ ಸಂದೇಶವನ್ನು ಕೇಳಿ ಬರೆದುಕೊಳ್ಳುವವರಿದ್ದರು. ಅಮೆರಿಕೆಯ ಮೋರ್ಸ್ ಸಂಕೇತದಲ್ಲಿ ಜೆಡ್ ಅಕ್ಷರವು 'ಎಸ್, ಇ' ಜೋಡಿಯಂತೆಯೇ ಕೇಳಿಸುತ್ತಿದ್ದುದರಿಂದ ಎಸ್ ಅಕ್ಷರವು ಇವೆರಡಕ್ಕೂ ಹತ್ತಿರವಿರಬೇಕಾಯಿತು ಎಂದು ಅವರ ವಾದ. ಇದು ಪೂರ್ಣ ಸಿದ್ಧವಾಯಿತೆಂದು ನಾವು ಹೇಳೆವು. ಆದರೂ ಹಳೆಯ ಕಥೆಗಿಂತ ಇದಕ್ಕೆ ಆಧಾರ ಹೆಚ್ಚು.

ಹಾಗಾದರೆ ಈ ಕ್ರಮವು ಗೆದ್ದುದು ಗುಣದಿಂದಲೇ? ಅಲ್ಲವೆಂದು ನಮ್ಮ ಮತ. 1893ರಲ್ಲಿ ರೆಮಿಂಗ್ಟನ್ ಮೊದಲಾದ ಐದು ದೊಡ್ಡ ತಯಾರಕರು ಒಂದೇ ಕೂಟವಾಗಿ ಕಲೆತರು. ಕಲಿತವರು ಇದನ್ನೇ ಕಲಿತಿದ್ದರು, ಶಾಲೆಗಳು ಇದನ್ನೇ ಕಲಿಸುತ್ತಿದ್ದುವು. ಸ್ವತಃ ಷೋಲ್ಸನೇ ಬೇರೊಂದು ವಿನ್ಯಾಸವನ್ನು ಯೋಚಿಸಿದ್ದನು. ಅದರ ಪೇಟೆಂಟು ಮಂಜೂರಾದುದು ಅವನು ತೀರಿಕೊಂಡ ಮೇಲೆ, 1896ರಲ್ಲಿ. 1936ರಲ್ಲಿ ಡ್ವೊರಾಕನ ವಿನ್ಯಾಸ ಬಂದಿತು, ರೂಢಿ ಕದಲಲಿಲ್ಲ.

ಸರಳುಗಳು ಹೋಗಿ ಗಣಕಯಂತ್ರ ಬಂದರೂ ಕ್ರಮ ಉಳಿಯಿತು. ನಮ್ಮ ಅಕ್ಷರಗಳೂ ಅದರ ಮೇಲೆಯೇ ಕುಳಿತುವು. ಕೆ. ಪಿ. ರಾಯರ ವಿನ್ಯಾಸದಲ್ಲಿ ಟಿ ಕೀಲಿಗೆ ತಕಾರ, ಎಂ ಕೀಲಿಗೆ ಮಕಾರ. ಇಂಗ್ಲಿಷ್ ಕೀಲಿಮಣೆಯನ್ನು ಬಲ್ಲವನಿಗೆ ಇದಕ್ಕಿಂತ ಸುಲಭವಾದುದಿಲ್ಲ. ರಾಯರ ಉಪಕಾರವನ್ನು ನಾವು ಮರೆಯುವವರಲ್ಲ. ಆದರೆ ಕನ್ನಡವನ್ನೇ ಮೊದಲು ಕಲಿಯುವ ಹಳ್ಳಿಯ ಮಗು, ತಕಾರವನ್ನು ಹುಡುಕಲು ಷೋಲ್ಸನು ಟಿ ಅಕ್ಷರವನ್ನೆಲ್ಲಿಟ್ಟನೆಂದು ಏಕೆ ತಿಳಿಯಬೇಕು? ಸ್ವರಗಳನ್ನು ಎಡಗೈಗೂ ವ್ಯಂಜನಗಳನ್ನು ಬಹುಮಟ್ಟಿಗೆ ಬಲಗೈಗೂ ಹಂಚಿದ ಇನ್‌ಸ್ಕ್ರಿಪ್ಟ್ ವಿನ್ಯಾಸವು 1991ರಲ್ಲಿಯೇ ರಾಷ್ಟ್ರೀಯ ಮಾನಕವಾಗಿದೆ. ನಮ್ಮ ಶಾಲೆಗಳಲ್ಲಿ ಎರಡನ್ನೂ ಮಕ್ಕಳ ಕೈಗೆ ಕೊಟ್ಟು, ಯಾವುದು ಬೇಗ ಕೈವಶವಾಗುವುದೆಂದು ವಿದ್ಯಾ ಇಲಾಖೆಯವರು ಪರೀಕ್ಷಿಸಿ ನೋಡಬೇಕೆಂಬುದಷ್ಟೇ ನಮ್ಮ ಅರಿಕೆ.