ವಜ್ರಕ್ಕೂ ಸೊನ್ನೆ

ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಪತ್ತಿಕೊಂಡದ ಸುತ್ತಲಿನ ತುಗ್ಗಲಿ, ಜೊನ್ನಗಿರಿ, ಮದ್ದಿಕೆರೆಗಳ ಹೊಲಗಳಲ್ಲಿ ವಜ್ರವನ್ನರಸುವವರು ನೆರೆಯುತ್ತಾರೆ. ಜೊನ್ನಗಿರಿಯ ನೆಲದಲ್ಲಿ ಚಿನ್ನವೂ ಉಂಟು. ರಸಾಯನಶಾಸ್ತ್ರದ ಲೆಕ್ಕದಲ್ಲಿ ಇವೆರಡರ ಉತ್ಕರ್ಷಣ ಸಂಖ್ಯೆಯೂ ಸೊನ್ನೆ. ಬೇರೊಂದು ಧಾತುವಿನೊಡನೆ ಕೂಡದೆ ತಾನೇ ತಾನಾಗಿರುವ ಧಾತುವಿಗೆ ಸೊನ್ನೆ ಎಂಬುದು ಮೊದಲ ನಿಯಮ. ವಜ್ರದ ಇಂಗಾಲಕ್ಕೂ ಪೆನ್ಸಿಲಿನೊಳಗಿನ ಗ್ರಾಫೈಟಿಗೂ ಇದರಲ್ಲಿ ಭೇದವಿಲ್ಲ. ವ್ಯಾಪಾರಿ ಒಪ್ಪಲಾರ, ಅದು ಬೇರೆ ಮಾತು.

ಈ ಸೀಮೆಯ ಕನ್ನಡ ಮನೆಗಳಲ್ಲಿ ಈ ಪಾಠವನ್ನು ತೆಲುಗಿನಲ್ಲಿ ಓದುವ ಮಕ್ಕಳಿದ್ದಾರೆ. ಅಲ್ಲಿಯ ‘ಆಕ್ಸೀಕರಣ’ವೇ ಕನ್ನಡದ ಉತ್ಕರ್ಷಣ, ‘ಕ್ಷಯಕರಣ’ವೇ ಅಪಕರ್ಷಣ. ಹೆಸರು ಬೇರೆಯಾದರೂ ಎಡವುವ ಸ್ಥಳ ಒಂದೇ. ಜಲಜನಕಕ್ಕೆ +1, ಆಮ್ಲಜನಕಕ್ಕೆ −2 ಎಂದು ಬಾಯಿಪಾಠ ಮಾಡಿದ ವಿದ್ಯಾರ್ಥಿ ಹೈಡ್ರೋಜನ್ ಪೆರಾಕ್ಸೈಡಿನ ಮುಂದೆ ತಬ್ಬಿಬ್ಬಾಗುತ್ತಾನೆ. ಅದರ ಅಣುವಿನಲ್ಲಿ ಎರಡು ಜಲಜನಕ, ಎರಡು ಆಮ್ಲಜನಕ. ಮೊತ್ತ ಸೊನ್ನೆಯಾಗಲೇಬೇಕು, +2 ಮತ್ತು −4 ಕೂಡಿದರೆ ಆಗದು.

ಎರಡು ಕಾನೂನುಗಳು ಘರ್ಷಿಸಿದಾಗ ಯಾವುದು ಮೇಲೆಂಬ ನಿರ್ಣಯವಿರುವಂತೆ ಇಲ್ಲಿಯೂ ಅಗ್ರತೆಯ ಕ್ರಮವುಂಟು. ಸಂಯುಕ್ತಗಳಲ್ಲಿ ಫ್ಲೋರಿನ್ನಿಗೆ ಎಂದಿಗೂ −1, ಸೋಡಿಯಂ, ಪೊಟ್ಯಾಸಿಯಂಗಳಿಗೆ +1, ಅನಂತರ ಜಲಜನಕದ ಸರದಿ, ಆಮೇಲೆ ಆಮ್ಲಜನಕದ್ದು. ಮೇಲಿನವರ ಪಾಲು ಸಂದ ಬಳಿಕ ಉಳಿದದ್ದು ಕೆಳಗಿನವರಿಗೆ. ಆದ್ದರಿಂದ ಪೆರಾಕ್ಸೈಡಿನಲ್ಲಿ ಆಮ್ಲಜನಕಕ್ಕೆ −1. ಸೋಡಿಯಂ ಹೈಡ್ರೈಡಿನಲ್ಲಿ ಜಲಜನಕಕ್ಕೇ −1. ಎರಡು ಫ್ಲೋರಿನ್‌ಗಳೊಡನೆ ಕೂಡಿದ ಒಂದು ಆಮ್ಲಜನಕಕ್ಕೆ +2. ಪಟ್ಟಿಯನ್ನು ಕಂಠಸ್ಥ ಮಾಡಿಸುವ ಬೋಧಕರು ಕ್ರಮವನ್ನು ಹೇಳದೆ ಬಿಡುವುದೇ ತೊಡಕಿನ ಮೂಲ.

ಈ ಸಂಖ್ಯೆ ಪರಮಾಣುವಿನ ಮೇಲಿರುವ ನಿಜವಾದ ವಿದ್ಯುದಂಶವೆಂದು ತಿಳಿಯುವುದೂ ತಪ್ಪು. ಬಂಧದ ಎಲೆಕ್ಟ್ರಾನುಗಳೆಲ್ಲ ಹೆಚ್ಚು ಸೆಳೆಯುವ ಪರಮಾಣುವಿಗೇ ಸಂದವೆಂದು ಭಾವಿಸಿ ಬರೆದ ಲೆಕ್ಕವಿದು. ದತ್ತುಪುತ್ರನನ್ನು ಔರಸನೆಂದೇ ಭಾವಿಸುವ ಕಾನೂನಿನ ಕಲ್ಪನೆಯಂತೆ. ಹೊಲದ ಮಣ್ಣನ್ನು ಕೆಂಪಾಗಿಸುವ ಆಕ್ಸೈಡಿನಲ್ಲಿ ಎರಡು ಕಬ್ಬಿಣಕ್ಕೆ ಮೂರು ಆಮ್ಲಜನಕ. ಕಬ್ಬಿಣಕ್ಕೆ ತಲಾ +3. ಕಪ್ಪು ಮ್ಯಾಗ್ನೆಟೈಟಿನಲ್ಲಿ ಮೂರಕ್ಕೆ ನಾಲ್ಕು; ಉತ್ತರ 8/3. ಎಲೆಕ್ಟ್ರಾನನ್ನು ಮೂರು ತುಂಡಾಗಿಸುವವರು ಯಾರು? ಎರಡು ಕಬ್ಬಿಣ +3, ಒಂದು +2. 8/3 ಅವುಗಳ ಸರಾಸರಿ ಮಾತ್ರ.

ಹಾಗೆಂದು ಲೆಕ್ಕ ಹುಸಿಯಲ್ಲ. ಚರ್ಮ ಹದಮಾಡಲು ಬಳಸುವ ಲವಣದಲ್ಲಿ ಕ್ರೋಮಿಯಂ +3. ಪೊಟ್ಯಾಸಿಯಂ ಡೈಕ್ರೋಮೇಟಿನಲ್ಲಿ ಏಳು ಆಮ್ಲಜನಕಕ್ಕೆ −14, ಎರಡು ಪೊಟ್ಯಾಸಿಯಂಗೆ +2. ಉಳಿದ +12 ಎರಡು ಕ್ರೋಮಿಯಂಗೆ, ತಲಾ +6. ಧಾತು ಅದೇ; ಆದರೆ ಈ ಎರಡನೆಯದು ಕ್ಯಾನ್ಸರ್ ತರುವ ವಿಷ.