ಸಣ್ಣ ಬಿಡಿಭಾಗ, ದೊಡ್ಡ ಕೇಸು: ವೇಪ್ ಕಾಯಿಲ್ ತರಿಸೋ ಮುನ್ನ ಅಂಗಡಿಯವರು ತಿಳಿದಿರಬೇಕಾದ್ದು

ಕಾಯಿಲ್ ಅಂದ್ರೆ ತಾಲ್ಲೂಕಿನ ಅಂಗಡಿ ಬೀದಿಯಲ್ಲಿ ಮೂರೇ ಅರ್ಥ. ಸೊಳ್ಳೆ ಓಡಿಸೋ ಕಾಯಿಲ್, ನೀರು ಕಾಯಿಸೋ ಹೀಟರ್ ಕಾಯಿಲ್, ಮೋಟರ್ ಸುಟ್ಟಾಗ ವೈಂಡಿಂಗ್ ಅಂಗಡಿಯಲ್ಲಿ ಸುತ್ತಿಸೋ ಕಾಯಿಲ್. ಇವುಗಳ ಜೊತೆಗೆ ನಾಲ್ಕನೆಯದೊಂದಿದೆ. ಒಂದಿಂಚಿನ ಆಸುಪಾಸಿನ ಪುಟ್ಟ ಲೋಹದ ಕೊಳವೆ, ಬದಿಯಲ್ಲಿ ಎರಡೋ ನಾಲ್ಕೋ ತೂತು, ತೂತಿನೊಳಗೆ ಬಿಳಿ ಹತ್ತಿ, ಬುಡದಲ್ಲಿ ರಬ್ಬರ್ ರಿಂಗ್. ಗೊತ್ತಿಲ್ಲದವರು ನೋಡಿದರೆ ಬೈಕಿನ ಕಾರ್ಬುರೇಟರ್ ಸಾಮಾನು ಅನ್ಕೋಬೇಕು, ಹಂಗಿರುತ್ತೆ. ಇದು ವೇಪ್ ಅಥವಾ ಇ-ಸಿಗರೇಟಿನ ಟ್ಯಾಂಕ್ ಒಳಗೆ ಕೂರೋ ಕಾಯಿಲ್.

ಮೊಬೈಲ್ ಆಕ್ಸೆಸರೀಸ್ ಅಂಗಡಿಯವರನ್ನೋ ಗಿಫ್ಟ್ ಸೆಂಟರ್‌ನವರನ್ನೋ ಗಿರಾಕಿ ಒಬ್ಬ ಕೇಳ್ತಾನೆ ಅಂದ್ಕೊಳ್ಳಿ: "ಅಣ್ಣ, ವೇಪ್ ಬೇಡ, ಅದು ನನ್ನತ್ರ ಇದೆ. ಕಾಯಿಲ್ ಒಂದು ಪ್ಯಾಕ್ ತರಿಸಿಕೊಡಿ ಸಾಕು." ಇ-ಸಿಗರೇಟ್ ನಿಷೇಧ ಆಗಿರೋದು ಅಂಗಡಿಯವರಿಗೂ ಗೊತ್ತು. ಆದರೆ ಇದು ಬರೀ ಸ್ಪೇರ್ ಪಾರ್ಟ್ ತಾನೇ, ಇದರಲ್ಲಿ ನಿಕೋಟಿನ್ ಇಲ್ಲ, ದ್ರವ ಇಲ್ಲ, ಬ್ಯಾಟರಿ ಕೂಡ ಇಲ್ಲ, ಇದಕ್ಕೇನು ಕೇಸು ಅನ್ನೋ ಲೆಕ್ಕಾಚಾರ ತಲೇಲಿ ಓಡುತ್ತೆ. ಆ ಲೆಕ್ಕಾಚಾರ ತಪ್ಪು.

ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ತಂದು, ಡಿಸೆಂಬರ್‌ನಲ್ಲಿ ಕಾಯ್ದೆ ಮಾಡಿದ ಇ-ಸಿಗರೇಟ್ ನಿಷೇಧ ಕಾನೂನಿನ 4ನೇ ಸೆಕ್ಷನ್ ನೋಡಿ. ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ವಿತರಣೆ ಎಲ್ಲಕ್ಕೂ ತಡೆ ಇದೆ. ಪೂರ್ತಿ ಸಾಧನ ಆಗಿರಲಿ, ಅದರ ಯಾವುದೇ ಭಾಗ ಆಗಿರಲಿ, ಎರಡೂ ಒಂದೇ ಅನ್ನೋದನ್ನು ಅದೇ ಸೆಕ್ಷನ್ ಬಿಡಿಸಿ ಹೇಳಿದೆ. ಜಾಹೀರಾತೂ ಇಲ್ಲ, ಅಂದ್ರೆ ವಾಟ್ಸಾಪ್ ಸ್ಟೇಟಸ್‌ನಲ್ಲಿ "ಕಾಯಿಲ್ ಸ್ಟಾಕ್ ಬಂದಿದೆ" ಅಂತ ಹಾಕೋದೂ ಇದರ ಬಾಯಿಗೇ ಬೀಳುತ್ತೆ. ಅದೇ ವರ್ಷ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ ಹೊರಡಿಸಿದ ಆಮದು ನಿಷೇಧದ ಆದೇಶದಲ್ಲಂತೂ ರೀಫಿಲ್ ಪಾಡ್, ಆಟಮೈಜರ್, ಕಾರ್ಟ್ರಿಜ್ ಅಂತ ಬಿಡಿಭಾಗಗಳ ಹೆಸರೇ ಇದೆ. ಆಟಮೈಜರ್ ಅಂದ್ರೆ ದ್ರವವನ್ನು ಬಿಸಿ ಮಾಡಿ ಆವಿ ಮಾಡೋ ಭಾಗ. ಅದರ ಜೀವಾಳವೇ ಕಾಯಿಲ್.

ಇನ್ನು "ನಿಕೋಟಿನ್ ಇಲ್ಲ" ಅನ್ನೋ ವಾದ. ಕಾಯ್ದೆಯ ವ್ಯಾಖ್ಯಾನದಲ್ಲೇ ನಿಕೋಟಿನ್ ಇರಲಿ ಬಿಡಲಿ ಅಂತ ಸೇರಿಸಿದ್ದಾರೆ. ಹಾಗಾಗಿ ಆ ಬಾಗಿಲೂ ಮುಚ್ಚಿದೆ. ಕರ್ನಾಟಕದಲ್ಲಿ ರಾಜ್ಯ ಸರ್ಕಾರ ಅದಕ್ಕೂ ಮೊದಲೇ, 2016ರಲ್ಲೇ, ಇ-ಸಿಗರೇಟ್ ಮಾರಾಟ ನಿಷೇಧಿಸಿತ್ತು. ಬೀಡಿ ಸಿಗರೇಟಿನ ವಿಚಾರ ಬೇರೆ. ಅದಕ್ಕೆ ನಿಯಮಗಳಿವೆ, ಶಾಲೆ ಕಾಲೇಜಿಂದ ದೂರ ಇರಬೇಕು, ರಾಜ್ಯದ ಹೊಸ ತಿದ್ದುಪಡಿ ಪ್ರಕಾರ 21 ವರ್ಷದೊಳಗಿನವರಿಗೆ ಕೊಡಬಾರದು. ನಿಯಮ ಪಾಲಿಸಿದರೆ ಮಾರಬಹುದು. ವೇಪ್ ವಿಷಯದಲ್ಲಿ ಹಾಗೆ ಪಾಲಿಸಿ ಮಾರೋಕೆ ಯಾವ ನಿಯಮವೂ ಇಲ್ಲ, ಪೂರ್ತಿ ಬಂದ್.

ಹಾಗಿದ್ದರೂ ಕಾಯಿಲ್‌ಗೇ ಯಾಕೆ ಬೇಡಿಕೆ? ಇದನ್ನು ತಿಳಿಯೋಕೆ ಕಾನೂನಿನ ಪುಸ್ತಕ ಬದಿಗಿಟ್ಟು ಸಾಮಾನನ್ನೇ ನೋಡಬೇಕು.

ಎಣ್ಣೆ ದೀಪದ ಬತ್ತಿ ನೆನಪಿಸಿಕೊಳ್ಳಿ. ಬತ್ತಿ ಎಣ್ಣೆ ಹೀರಿಕೊಂಡು ತುದಿಗೆ ತರುತ್ತೆ, ತುದಿಯಲ್ಲಿ ಉರಿಯುತ್ತೆ. ವೇಪ್ ಕಾಯಿಲ್‌ನಲ್ಲೂ ಅಷ್ಟೇ, ಬೆಂಕಿ ಬದಲು ಬಿಸಿ ತಂತಿ. ಟ್ಯಾಂಕಿನಲ್ಲಿರೋ ದ್ರವವನ್ನು ಹತ್ತಿ ಹೀರುತ್ತೆ, ಹತ್ತಿಗೆ ಅಂಟಿಕೊಂಡಿರೋ ತಂತಿ ಕರೆಂಟಿಂದ ಕಾಯುತ್ತೆ, ದ್ರವ ಆವಿಯಾಗುತ್ತೆ. ತಂತಿ ಸಾಮಾನ್ಯವಾಗಿ ಕಬ್ಬಿಣ-ಕ್ರೋಮಿಯಂ-ಅಲ್ಯುಮಿನಿಯಂ ಮಿಶ್ರಣದ ಕಾಂತಾಲ್, ಇಲ್ಲವೇ ನಿಕೆಲ್-ಕ್ರೋಮಿಯಂ ಮಿಶ್ರಣದ ನೈಕ್ರೋಮ್. ಕರೆಂಟ್ ಒಲೆಯಲ್ಲಿ ಕೆಂಪಗೆ ಕಾಯೋ ಸುರುಳಿಯೂ ಇದೇ ಜಾತಿ. ಈಚಿನವುಗಳಲ್ಲಿ ಸುರುಳಿ ಬದಲು ಜರಡಿಯಂಥ ತೆಳು ಹಾಳೆ ಇರುತ್ತೆ, ಅದಕ್ಕೆ ಮೆಶ್ ಕಾಯಿಲ್ ಅಂತಾರೆ.

ಬತ್ತಿ ಎಷ್ಟು ದಿನ ತಾನೇ ಬರುತ್ತೆ? ದಿನಾ ಸೇದುವವನ ಕಾಯಿಲ್ ಒಂದೆರಡು ವಾರಕ್ಕೆ ಕಪ್ಪಗಾಗುತ್ತೆ. ಬ್ಯಾಟರಿ ಸಾಧನ ವರ್ಷಗಟ್ಟಲೆ ಬಾಳಿಕೆ ಬಂದರೂ ಕಾಯಿಲ್ ಬದಲಿಸ್ತಾನೇ ಇರಬೇಕು. ಶೇವಿಂಗ್ ರೇಜರ್ ಹಿಡಿ ಒಮ್ಮೆ ಕೊಂಡು ಬ್ಲೇಡಿಗೆ ಜೀವಮಾನವಿಡೀ ದುಡ್ಡು ಕೊಟ್ಟ ಹಾಗೆ. ವ್ಯಾಪಾರದ ಕಣ್ಣಲ್ಲಿ ನೋಡಿದರೆ ಇದು ಮತ್ತೆ ಮತ್ತೆ ಬರೋ ಗಿರಾಕಿ. ಕದ್ದು ಮಾರೋ ಜಾಲಕ್ಕೂ ಅದೇ ಆಕರ್ಷಣೆ.

ಇದು ಕಾನೂನು ಪ್ರಕಾರವೇ ಮಾರಾಟವಾಗೋ ದೇಶ ಬ್ರಿಟನ್. ಈ ಕಡೆಯಿಂದ ಓದೋಕೆ, ಕೆಲಸಕ್ಕೆ ಅಂತ ಅಲ್ಲಿಗೆ ಹೋದ ಹುಡುಗರೂ ಇದ್ದಾರೆ, ಹಾಗಾಗಿ ಅಲ್ಲಿನ ಕಥೆ ಇಲ್ಲಿಗೂ ಬೇಕಾಗುತ್ತೆ. ಅಲ್ಲಿ ವೇಪ್ ಅಂಗಡಿಗೆ ಹೋದವರಿಗೆ ಮೊದಲು ಕೇಳೋ ಪ್ರಶ್ನೆ: ಯಾವ ಟ್ಯಾಂಕು, ಎಷ್ಟು ಓಮ್? ಒಂದು ಕಂಪನಿಯ ಕಾಯಿಲ್ ಇನ್ನೊಂದು ಕಂಪನಿಯ ಟ್ಯಾಂಕಿಗೆ ಕೂರಲ್ಲ. ಒಂದೇ ಕಂಪನಿಯ ಎರಡು ಮಾಡೆಲ್‌ಗೇ ಬೇರೆ ಬೇರೆ ಇರುತ್ತೆ.

ಓಮ್ ಅಂದ್ರೆ ತಂತಿಯ ರೆಸಿಸ್ಟೆನ್ಸ್, ಎಲೆಕ್ಟ್ರಿಕಲ್ ಕೆಲಸದವರಿಗೆ ಹೇಳಿಕೊಡಬೇಕಿಲ್ಲ. 1 ಓಮ್ ಕಾಯಿಲ್‌ಗೆ 3.7 ವೋಲ್ಟ್ ಬ್ಯಾಟರಿ ನೇರ ಕೊಟ್ಟರೆ ಸುಮಾರು 14 ವ್ಯಾಟ್. ಅದೇ ಬ್ಯಾಟರಿಗೆ 0.2 ಓಮ್ ಹಾಕಿದರೆ 68 ವ್ಯಾಟ್ ದಾಟುತ್ತೆ. ಐದು ಪಟ್ಟು! ಸಿಗರೇಟಿನ ಹಾಗೆ ಮೊದಲು ಬಾಯಿಗೆ ಎಳೆದು ಆಮೇಲೆ ಒಳಗೆ ತಗೊಳ್ಳೋರು 0.8 ಓಮ್ ಅಥವಾ ಅದಕ್ಕೂ ಹೆಚ್ಚಿನದು ಆರಿಸ್ತಾರೆ. ಹುಕ್ಕಾ ತರ ನೇರ ಎದೆಗೆ ಎಳೆದು ಮೋಡ ಬಿಡೋರಿಗೆ 0.5ಕ್ಕಿಂತ ಕಮ್ಮಿ. ದ್ರವವೂ ಇದಕ್ಕೆ ಹೊಂದಬೇಕು. ವೆಜಿಟೆಬಲ್ ಗ್ಲಿಸರಿನ್ ಜಾಸ್ತಿ ಇರೋ ಮಂದ ದ್ರವ ಹೆಚ್ಚು ಓಮಿನ ಸಣ್ಣ ತೂತಿನ ಕಾಯಿಲ್‌ಗೆ ಹಾಕಿದರೆ ಹತ್ತಿ ಸರಿಯಾಗಿ ನೆನೆಯಲ್ಲ, ಸುಟ್ಟುಹೋಗುತ್ತೆ. ಪ್ರೊಪಿಲೀನ್ ಗ್ಲೈಕಾಲ್ ಅರ್ಧಕ್ಕರ್ಧ ಇರೋ ತೆಳು ದ್ರವ ದೊಡ್ಡ ತೂತಿನ ಕಾಯಿಲ್‌ಗೆ ಹಾಕಿದರೆ ಬುಡದಿಂದ ಸೋರುತ್ತೆ. ಕಾಯಿಲ್ ಮೈಮೇಲೇ ಎಷ್ಟರಿಂದ ಎಷ್ಟು ವ್ಯಾಟ್ ಅಂತ ಕೊರೆದಿರ್ತಾರೆ, ಅದನ್ನು ಮೀರಿದರೆ ಹೊಸದೂ ಒಂದೇ ದಿನಕ್ಕೆ ಕರಕಲು.

ಹೊಸ ಕಾಯಿಲ್ ಹಾಕಿದ ತಕ್ಷಣ ಬಟನ್ ಒತ್ತೋದು ಹೊಸಬರು ಮಾಡೋ ತಪ್ಪು. ಹತ್ತಿಗೆ ನಾಲ್ಕು ಹನಿ ದ್ರವ ಬಿಟ್ಟು, ಟ್ಯಾಂಕ್ ತುಂಬಿಸಿ, ಐದು ಹತ್ತು ನಿಮಿಷ ಇಟ್ಟು, ಆಮೇಲೆ ಕಡಿಮೆ ವ್ಯಾಟಿನಿಂದ ಶುರು ಮಾಡಬೇಕು ಅಂತ ತಯಾರಕರೇ ಹೇಳೋದು. ಟ್ಯಾಂಕ್ ತಳ ಮುಟ್ಟೋವರೆಗೂ ಬಿಡಬಾರದು. ಸಿಹಿ ಹಾಕಿದ ಫ್ಲೇವರ್‌ಗಳು ಕಾಯಿಲ್‌ಗೆ ಮೊದಲ ಶತ್ರು, ಸಿಹಿಯ ಅಂಶ ಬಿಸಿಗೆ ಪಾಕ ಹಿಡಿದು ತಂತಿ ಮೇಲೆ ಅಡಿ ಹತ್ತುತ್ತೆ. ಸುಟ್ಟ ವಾಸನೆ, ಗೊರ ಗೊರ ಸದ್ದು, ಆವಿ ಕಮ್ಮಿಯಾಗೋದು, ಬುಡದಲ್ಲಿ ಸೋರಿಕೆ, ಇಷ್ಟು ಬಂದರೆ ಬದಲಿಸೋ ಕಾಲ. ಬಿಸಿನೀರಲ್ಲಿ ತೊಳೆದು ಒಣಗಿಸಿ ಮತ್ತೆ ಹಾಕೋರು ಇದ್ದಾರೆ. ಜಿಡ್ಡು ಸ್ವಲ್ಪ ಹೋಗಬಹುದು, ಸುಟ್ಟ ಹತ್ತಿ ಮಾತ್ರ ಮತ್ತೆ ಬಿಳಿ ಆಗಲ್ಲ. ಐದರ ಪ್ಯಾಕ್ 10 ಪೌಂಡ್ ಆಸುಪಾಸಿಗೆ ಸಿಗೋ ಕಡೆ ಎಸೆದು ಹೊಸದು ಹಾಕೋದು ಸುಲಭ. ಸಿಗದ ಕಡೆ ಕರಕಲನ್ನೇ ಎಳೀತಾರೆ, ಅಲ್ಲೇ ಇರೋದು ಅಪಾಯ.

ಬ್ರಿಟನ್‌ನಲ್ಲಿ 2025ರ ಜೂನ್ 1ರಿಂದ ಒಮ್ಮೆ ಬಳಸಿ ಬಿಸಾಡೋ ವೇಪ್‌ಗಳ ಮಾರಾಟ ನಿಷೇಧ. ವಾರಕ್ಕೆ ಹತ್ತಿರ ಹತ್ತಿರ 50 ಲಕ್ಷ ಇಂಥ ವೇಪ್‌ಗಳು ಕಸಕ್ಕೆ ಹೋಗ್ತಿವೆ ಅಂತ 2023ರಲ್ಲಿ ಅಂದಾಜು ಮಾಡಿದ್ದರು. ಲಿಥಿಯಂ ಬ್ಯಾಟರಿ ಸಮೇತ ಕಸದ ಲಾರಿಗೆ ಬಿದ್ದು ಬೆಂಕಿ ಹೊತ್ತಿಕೊಳ್ಳೋದು ಬೇರೆ ತಲೆನೋವು. ಈಗ ಅಲ್ಲಿ ಮಾರಬೇಕಾದರೆ ಬ್ಯಾಟರಿ ಚಾರ್ಜ್ ಆಗಬೇಕು, ದ್ರವ ಮತ್ತೆ ತುಂಬಿಸೋಕೆ ಬರಬೇಕು, ಕಾಯಿಲ್ ಅಥವಾ ಕಾಯಿಲ್ ಇರೋ ಪಾಡ್ ಬೇರೆಯಾಗಿ ಸಿಗಬೇಕು, ಬದಲಿಸೋಕೂ ಬರಬೇಕು. ಬೆಲ್ಜಿಯಂ, ಫ್ರಾನ್ಸ್ ಕೂಡ ಅದೇ ವರ್ಷ ಬಿಸಾಡೋ ವೇಪ್ ನಿಲ್ಲಿಸಿವೆ. ಅಂದ್ರೆ ಅಲ್ಲಿ ಬಿಡಿ ಕಾಯಿಲ್ ಸಿಗೋದೇ ಕಾನೂನಿನ ಷರತ್ತು, ಇಲ್ಲಿ ಅದೇ ಬಿಡಿ ಕಾಯಿಲ್ ಅಪರಾಧ. ಎರಡೂ ಸರ್ಕಾರ ಹಿಡಿದಿರೋದು ಒಂದೇ ಭಾಗವನ್ನು, ದಿಕ್ಕು ಮಾತ್ರ ಬೇರೆ.

ಇಲ್ಲಿನ ದಿಕ್ಕಿನ ತೊಂದರೆ ಏನಂದ್ರೆ, ನಿಷೇಧ ಮಾಡಿದ ಮೇಲೆ ಸಾಮಾನಿನ ಗುಣಮಟ್ಟ ನೋಡೋರು ಯಾರೂ ಇಲ್ಲ. ಬ್ರಿಟನ್‌ನಲ್ಲಿ ದ್ರವದ ನಿಕೋಟಿನ್ ಮಿಲಿಲೀಟರಿಗೆ 20 ಮಿಲಿಗ್ರಾಂ ದಾಟಬಾರದು, ಟ್ಯಾಂಕ್ 2 ಮಿಲಿಲೀಟರ್ ದಾಟಬಾರದು ಅಂತ ಅಳತೆ ಇದೆ. ಇಲ್ಲಿ ಕದ್ದು ಬರೋದಕ್ಕೆ ಅಳತೆ ಯಾವುದು? ವೇಪ್ ಸಾಮಾನಿನ ಬಹುಪಾಲು ತಯಾರಾಗೋದು ಚೀನಾದ ಶೆನ್‌ಜೆನ್‌ನಲ್ಲಿ. ಹೆಸರಾಂತ ಕಂಪನಿಗಳು ನಕಲಿ ಹಾವಳಿಗೆ ಪೆಟ್ಟಿಗೆ ಮೇಲೆ ಕೆರೆದು ನೋಡೋ ಕೋಡ್ ಹಾಕ್ತಾವೆ. ಪೆಟ್ಟಿಗೆಯೇ ಇಲ್ಲದೆ ಬಿಡಿಬಿಡಿಯಾಗಿ ಕವರಿನಲ್ಲಿ ಬರೋ ಕಾಯಿಲ್‌ಗೆ ಯಾವ ಕೋಡು?

ತಂತಿಯ ಲೋಹ ಆವಿಗೆ ಸೇರುತ್ತಾ ಅನ್ನೋದು ಸುಮ್ಮನೆ ಎದ್ದ ಅನುಮಾನ ಅಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 56 ಮಂದಿ ವೇಪ್ ಬಳಕೆದಾರರ ಸಾಧನಗಳನ್ನೇ ತಗೊಂಡು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಬಾಟಲಿಯಲ್ಲಿದ್ದ ದ್ರವಕ್ಕಿಂತ, ಕಾಯಿಲ್ ಮುಟ್ಟಿ ಬಂದ ಆವಿಯಲ್ಲಿ ಸೀಸ, ಕ್ರೋಮಿಯಂ, ನಿಕೆಲ್ ಜಾಸ್ತಿ ಸಿಕ್ಕಿತ್ತು. ಸಿಕ್ಕಾಪಟ್ಟೆ ವೋಲ್ಟೇಜಿನಲ್ಲಿ ಕಾಯಿಸಿದರೆ ಫಾರ್ಮಾಲ್ಡಿಹೈಡ್ ಹುಟ್ಟುತ್ತೆ ಅಂತ 2015ರಲ್ಲಿ ಇನ್ನೊಂದು ಅಮೆರಿಕನ್ ತಂಡ ತೋರಿಸಿತ್ತು. ಅದಕ್ಕೆ ಆಕ್ಷೇಪವೂ ಬಂತು. ಅಷ್ಟು ಕಾದರೆ ಬಾಯಿಗೆ ಕಹಿ ಸುಟ್ಟ ರುಚಿ ಬರುತ್ತೆ, ಮನುಷ್ಯ ಯಾರೂ ಎಳೆಯಲ್ಲ ಅಂತ. ಆ ಆಕ್ಷೇಪ ಒಪ್ಪೋಣ. ಆದರೆ ಹೊಸ ಕಾಯಿಲ್ ಕೈಗೆ ಸಿಗದ ಹುಡುಗ ಸುಟ್ಟ ರುಚಿಯಲ್ಲೇ ಇನ್ನೆರಡು ದಿನ ತಳ್ಳೋದು ಲ್ಯಾಬಿನ ಲೆಕ್ಕಕ್ಕೆ ಬರಲ್ಲ.

ಕಳ್ಳ ಮಾರುಕಟ್ಟೆಯ ಸಾಮಾನು ಎಲ್ಲಿಗೆ ಮುಟ್ಟಿಸುತ್ತೆ ಅನ್ನೋದಕ್ಕೆ ಅಮೆರಿಕ 2019ರಲ್ಲೇ ನೋಡಿದೆ. ವೇಪ್ ಸಂಬಂಧದ ಶ್ವಾಸಕೋಶದ ಗಾಯದಿಂದ 2020ರ ಫೆಬ್ರವರಿ ಹೊತ್ತಿಗೆ 2,807 ಮಂದಿ ಆಸ್ಪತ್ರೆ ಸೇರಿದ್ದರು ಅಥವಾ ಸತ್ತಿದ್ದರು, ಸತ್ತವರು 68. ಅಲ್ಲಿ ಮುಖ್ಯ ಕಾರಣವಾಗಿ ಕಂಡದ್ದು ಕಾಯಿಲ್ ಅಲ್ಲ, ಗಾಂಜಾ ಅಂಶದ ದ್ರವಕ್ಕೆ ಬೆರೆಸಿದ್ದ ವಿಟಮಿನ್-ಇ ಅಸಿಟೇಟ್. ಅಂಥ ದ್ರವ ಹೆಚ್ಚಾಗಿ ಬಂದಿದ್ದು ಗೆಳೆಯರಿಂದ, ಕದ್ದು ಮಾರೋರಿಂದ.

ಅಂಗಡಿ ಲೆಕ್ಕಕ್ಕೆ ಬರೋಣ. ಒಂದು ಪ್ಯಾಕ್ ಕಾಯಿಲ್‌ನಲ್ಲಿ ಉಳಿಯೋದು ಎಷ್ಟು? ಹೆಚ್ಚಂದ್ರೆ ಇನ್ನೂರು ಮುನ್ನೂರು ರೂಪಾಯಿ ಅಂತಲೇ ಇಟ್ಟುಕೊಳ್ಳಿ. ಸಿಕ್ಕಿಬಿದ್ದರೆ ಮೊದಲ ಸಲಕ್ಕೆ 1 ವರ್ಷದವರೆಗೆ ಜೈಲು, ಅಥವಾ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಎರಡನೇ ಸಲಕ್ಕೆ 3 ವರ್ಷದವರೆಗೆ ಜೈಲು, ಜೊತೆಗೆ 5 ಲಕ್ಷದವರೆಗೆ ದಂಡ. ಸಬ್ ಇನ್‌ಸ್ಪೆಕ್ಟರ್ ದರ್ಜೆಯ ಅಧಿಕಾರಿ ಅಂಗಡಿ ಶೋಧ ಮಾಡಿ ವಶಪಡಿಸಿಕೊಳ್ಳಬಹುದು. ಬಿಲ್ಲಿನಲ್ಲಿ "ಎಲೆಕ್ಟ್ರಾನಿಕ್ ಸ್ಪೇರ್ಸ್" ಅಂತ ಬರೆದರೆ ಬಚಾವ್ ಅನ್ನೋ ಮಾತು ಹೋಲ್‌ಸೇಲ್ ಕಡೆಯವರು ಹೇಳಬಹುದು. ಕೇಸು ಬೀಳೋದು ಬಿಲ್ ಬರೆದವನ ಮೇಲೆ ಮಾತ್ರ ಅಲ್ಲ, ಕೌಂಟರ್‌ನಲ್ಲಿ ಕೂತವನ ಮೇಲೂ.

ಮಳಿಗೆ ಬಾಡಿಗೆಗೆ ಕೊಟ್ಟವರಿಗೂ ಒಂದು ಸೆಕ್ಷನ್ ಇದೆ. ಗೊತ್ತಿದ್ದೂ ಗೋಡೌನ್‌ನಲ್ಲೋ ಮೇಲಿನ ರೂಮಿನಲ್ಲೋ ಇ-ಸಿಗರೇಟ್ ದಾಸ್ತಾನಿಗೆ ಜಾಗ ಬಿಟ್ಟರೆ 6 ತಿಂಗಳವರೆಗೆ ಜೈಲು ಅಥವಾ 50,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಪಾರ್ಸೆಲ್ ಸಾಗಿಸೋರಿಗೆ ಸಾಗಣೆಯ ಮಾತು ಅನ್ವಯಿಸುತ್ತೆ. ಅದೇ ಕಾಯ್ದೆಯಲ್ಲಿ ಸೇದೋದಕ್ಕೆ ಅಂತ ಪ್ರತ್ಯೇಕ ಶಿಕ್ಷೆ ಬರೆದಿಲ್ಲ. ಹಾಗಾಗಿ ಗಿರಾಕಿಗಿಂತ ಹೆಚ್ಚಿನ ಅಪಾಯ ಕೌಂಟರ್ ಹಿಂದೆ ನಿಂತವನಿಗೇ ಅನ್ನೋದನ್ನು ವ್ಯಾಪಾರಿಗಳ ಸಂಘದವರು ಒಮ್ಮೆ ಕೂತು ಮಾತಾಡಿದರೆ ಒಳ್ಳೇದು. 2023ರ ಮೇ ತಿಂಗಳಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವೇ ಸಾರ್ವಜನಿಕ ನೋಟಿಸ್ ಹೊರಡಿಸಿ, ಅಂಗಡಿಯವರು, ಆನ್‌ಲೈನ್ ಮಾರಾಟಗಾರರು, ಕೊರಿಯರ್‌ನವರೆಲ್ಲ ನಿಷೇಧ ಪಾಲಿಸಬೇಕು ಅಂತ ಮತ್ತೊಮ್ಮೆ ಎಚ್ಚರಿಸಿತ್ತು. ಆನ್‌ಲೈನ್‌ನಲ್ಲಿ ದೂರು ಕೊಡೋಕೂ ಆಮೇಲೆ ವ್ಯವಸ್ಥೆ ಮಾಡಿದೆ.

ಸಿಗರೇಟ್ ಬಿಡೋಕೆ ಅಂತಲೇ ವೇಪ್ ಹಿಡಿದೆ ಅನ್ನೋರೂ ಇದ್ದಾರೆ, ಅದು ಪೂರ್ತಿ ನೆಪ ಅಂತ ತಳ್ಳಿಹಾಕೋ ಹಾಗಿಲ್ಲ, ಬ್ರಿಟನ್‌ನ ಆರೋಗ್ಯ ಇಲಾಖೆಯೇ ದೊಡ್ಡವರಿಗೆ ಆ ದಾರಿ ಹೇಳುತ್ತೆ. ಇಲ್ಲಿ ಕಾನೂನು ಬಿಟ್ಟಿರೋ ದಾರಿ ಮೆಡಿಕಲ್ ಶಾಪಿನ ನಿಕೋಟಿನ್ ಚೂಯಿಂಗ್ ಗಮ್. ಔಷಧ ಕಾಯ್ದೆಯಡಿ ಲೈಸೆನ್ಸ್ ಇರೋ ಸಾಮಾನು ಇ-ಸಿಗರೇಟ್ ವ್ಯಾಖ್ಯಾನಕ್ಕೆ ಬರಲ್ಲ. ತಂಬಾಕು ಬಿಡೋರಿಗೆ ಸರ್ಕಾರದ ಉಚಿತ ಸಹಾಯವಾಣಿ 1800-112-356.

ವಿದೇಶದಿಂದ ರಜೆಗೆ ಬರೋ ಮಕ್ಕಳಿಗೆ ಮನೆಯವರು ಫೋನಿನಲ್ಲೇ ಹೇಳಿಬಿಡೋದು ವಾಸಿ. ಅಲ್ಲಿ ಬಿಲ್ ಹಾಕಿಸಿ ರಾಜಾರೋಷವಾಗಿ ಕೊಂಡ ಕಾಯಿಲ್ ಪ್ಯಾಕ್, ಕೆಂಪೇಗೌಡ ವಿಮಾನ ನಿಲ್ದಾಣದ ಕಸ್ಟಮ್ಸ್ ಮುಂದೆ ನಿಷೇಧಿತ ಆಮದು. ಗೆಳೆಯನಿಗೆ ಅಂತ ಎರಡು ಪ್ಯಾಕ್ ಹೆಚ್ಚಿಗೆ ತಂದರೆ, ವಿತರಣೆ ಅನ್ನೋ ಪದವೂ ಅದೇ 4ನೇ ಸೆಕ್ಷನ್‌ನಲ್ಲೇ ಇದೆ.