ಲೈಸೆನ್ಸಿನ ಬಂದೂಕು ವಿಮಾನ ಹತ್ತಬೇಕೆ?

ದಾವಣಗೆರೆ ಜಿಲ್ಲೆಗೆ ಸ್ವಂತ ವಿಮಾನ ನಿಲ್ದಾಣವಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಯವರಿಗೆ ಹತ್ತಿರದ್ದು ಶಿವಮೊಗ್ಗದ ಸೋಗಾನೆ. 2023ರ ಫೆಬ್ರವರಿಯಲ್ಲಿ ಅದರ ಉದ್ಘಾಟನೆಯಾಯಿತು, ಆಗಸ್ಟ್ ಕೊನೆಗೆ ಬೆಂಗಳೂರಿನ ವಿಮಾನ ಶುರುವಾಯಿತು. ಜಗಳೂರಿನವರಿಗೆ ತೋರಣಗಲ್ಲಾದರೂ ಸರಿ, ಹುಬ್ಬಳ್ಳಿಯಾದರೂ ಸರಿ. ಹೀಗಾಗಿ ಈ ನಾಲ್ಕು ತಾಲ್ಲೂಕಿನ ಯಾರೇ ಬಂದೂಕಿನ ಪೆಟ್ಟಿಗೆ ಹಿಡಿದು ವಿಮಾನಕ್ಕೆ ಹೊರಟರೂ ರಾಜ್ಯದ ಗಡಿ ಆಮೇಲಿನ ಮಾತು, ಮೊದಲು ಜಿಲ್ಲೆಯ ಗಡಿಯೇ ಅಡ್ಡ ಬರುತ್ತದೆ. ಲೈಸೆನ್ಸಿನ ಪುಸ್ತಕದಲ್ಲಿ ವ್ಯಾಪ್ತಿ ದಾವಣಗೆರೆ ಜಿಲ್ಲೆ ಎಂದಷ್ಟೇ ಇದ್ದರೆ, ಹೊನ್ನಾಳಿಯವರು ಹೊಳಲೂರು ತಲುಪುವಷ್ಟರಲ್ಲೇ ಷರತ್ತು ಮುರಿದಿರುತ್ತಾರೆ. 1997ರ ಆಗಸ್ಟ್ 15ರಂದು ಹೊಸ ಜಿಲ್ಲೆ ಆಗುವ ಮೊದಲು ಹೊನ್ನಾಳಿ, ಚನ್ನಗಿರಿ ಎರಡೂ ಶಿವಮೊಗ್ಗದಲ್ಲೇ ಇದ್ದವು ಎಂಬುದು ಇಲ್ಲಿ ಯಾವ ಕೆಲಸಕ್ಕೂ ಬರುವುದಿಲ್ಲ.

ಬಂದೂಕನ್ನು ವಿಮಾನದಲ್ಲಿ ಒಯ್ಯುವಂತೆಯೇ ಇಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಕೈಚೀಲದಲ್ಲಿ ಕೂಡದು, ಅಷ್ಟೆ. ಲೈಸೆನ್ಸಿನ ವ್ಯಾಪ್ತಿ ಹೊರಡುವ ಊರಿಗೂ ಇಳಿಯುವ ಊರಿಗೂ ಇರಬೇಕು. ಕೌಂಟರಿನಲ್ಲಿ ಮೊದಲೇ ತಿಳಿಸಿ, ಗುಂಡು ತೆಗೆದು, ಬೀಗ ಹಾಕಿದ ಪೆಟ್ಟಿಗೆಯನ್ನು ಲಗೇಜಿಗೆ ಒಪ್ಪಿಸಿದರೆ ವಿಮಾನ ಕಂಪನಿ ಒಯ್ಯುತ್ತದೆ. ತೋಟಾಗಳು ಬೇರೆ ಕಟ್ಟಿನಲ್ಲಿರಬೇಕು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಒಬ್ಬರಿಗೆ 5 ಕೆ.ಜಿ. ಮಿತಿ, ಕಂಪನಿಗಳು ಇನ್ನೂ ಬಿಗಿ ಮಾಡುವುದುಂಟು. ತೊಡಕಿರುವುದು ವ್ಯಾಪ್ತಿಯಲ್ಲಿ. ಸೇನೆಯವರು, ದೇಶದ ಯಾವ ಮೂಲೆಗಾದರೂ ವರ್ಗವಾಗುವ ಅಧಿಕಾರಿಗಳು, ಶೂಟಿಂಗ್ ಸ್ಪರ್ಧಿಗಳು ಇಂಥವರಿಗೆ ಅಖಿಲ ಭಾರತ ವ್ಯಾಪ್ತಿ ಸಿಗುವ ದಾರಿಯಿದೆ. ಅಡಿಕೆ ತೋಟದವರಿಗೆ, ಮೆಕ್ಕೆಜೋಳ ಕಾಯುವವರಿಗೆ ಅದು ದೂರದ ಮಾತು. ಹಾಗಾದರೆ ಸಾಮಾನ್ಯ ಲೈಸೆನ್ಸುದಾರರಿಗೂ ಬಂದೂಕನ್ನು ಲಗೇಜಿಗೆ ಹಾಕಿ ರಾಜ್ಯ ದಾಟಲು ಸುಲಭದ ಅನುಮತಿ ಕೊಡಬೇಕೆ?

ಪರ

ಬಂದೂಕಿನ ಪ್ರಯಾಣದಲ್ಲಿ ಅತಿ ಭದ್ರವಾದ ಹೊತ್ತು ಯಾವುದೆಂದರೆ ಅದು ವಿಮಾನದ ಹೊಟ್ಟೆಯಲ್ಲಿರುವ ಹೊತ್ತು. ಹೊನ್ನಾಳಿಯಲ್ಲಿ ಅದೇ ಪೆಟ್ಟಿಗೆ ಹಿಡಿದು ಬಸ್ ಹತ್ತಿ ನೋಡಿ. ಕಂಡಕ್ಟರ್ ಕೇಳುವುದು ಒಂದೇ ಮಾತು: "ಏನ್ರೀ ಅದು ಉದ್ದಕ್ಕೆ? ಮೇಲಿಡಿ, ಲಗೇಜ್ ಚಾರ್ಜ್ ಆಗುತ್ತೆ." ಒಳಗೇನಿದೆ ಎಂದು ಬಿಚ್ಚಿ ನೋಡುವವರಿಲ್ಲ, ಕಾರಿನಲ್ಲಿ ಹೋದರಂತೂ ಕೇಳುವವರೇ ಇಲ್ಲ.

ವಿಮಾನ ನಿಲ್ದಾಣದಲ್ಲಿ ಹಾಗಲ್ಲ. ಪೆಟ್ಟಿಗೆ ತೆರೆಸುತ್ತಾರೆ. ಹನ್ನೆರಡು ಬೋರಿನ ಜೋಡಿನಳಿಗೆ ಬಿಚ್ಚಿದರೆ ಮೂರು ತುಂಡು: ನಳಿಗೆ, ಹೆಗಲಿಗೆ ಕೊಡುವ ಮರ, ನಳಿಗೆಯ ಅಡಿಗೆ ಕೂರುವ ಗಿಡ್ಡ ಮರದ ತುಂಡು. ನಳಿಗೆಯನ್ನು ದೀಪದ ಕಡೆ ಹಿಡಿದರೆ ಒಳಗಿನಿಂದ ಬೆಳಕಿನ ಎರಡು ಬಿಲ್ಲೆ ಕಾಣಬೇಕು, ಕಂಡರೆ ಖಾಲಿ. ಲೋಹದ ಮೇಲೆ ಕೊರೆದ ನಂಬರನ್ನು ಲೈಸೆನ್ಸಿಗೆ ತಾಳೆ ನೋಡುತ್ತಾರೆ, ತೋಟಾಗಳನ್ನು ಎಣಿಸುತ್ತಾರೆ, ಖಾಲಿ ಎಂದು ಬರೆಸಿಕೊಂಡು ಸಹಿ ಪಡೆಯುತ್ತಾರೆ. ಊರಲ್ಲಿ ಲೈಸೆನ್ಸ್ ನವೀಕರಣದ ಹೊತ್ತಿಗೂ ಇಷ್ಟು ಹತ್ತಿರದಿಂದ ನೋಡುವವರು ಕಡಿಮೆ. ಇಷ್ಟೆಲ್ಲ ತಪಾಸಣೆ ಇರುವ ದಾರಿಯನ್ನು ಮುಚ್ಚಿ, ಏನೂ ಇಲ್ಲದ ದಾರಿಯನ್ನು ಬಿಟ್ಟಿದ್ದೇವೆ. ನಿಜವಾಗಿ ಒಯ್ಯಲೇಬೇಕಾದವರು ರಸ್ತೆ ಹಿಡಿಯುತ್ತಾರೆ, ಅದೂ ರಾತ್ರಿ ಹೊತ್ತಿನಲ್ಲಿ.

ಒಯ್ಯಲೇಬೇಕಾದವರು ಯಾರು? ಒಂದು ಮನೆಯ ಲೆಕ್ಕ ಹಿಡಿಯಿರಿ. ಚನ್ನಗಿರಿ ಕಡೆ ತೋಟ, ಅಪ್ಪನ ಹೆಸರಲ್ಲಿ ಹಳೆಯ ಜೋಡಿನಳಿಗೆ; ಮಗ ಹೈದರಾಬಾದಿನಲ್ಲಿ ನೌಕರಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸುದಾರರಿಗೆ 70 ತುಂಬಿದರೆ, ಇಲ್ಲವೇ ಬಂದೂಕು ಇಟ್ಟುಕೊಂಡು 25 ವರ್ಷವಾದರೆ, ಬದುಕಿರುವಾಗಲೇ ವಾರಸುದಾರರಿಗೆ ವರ್ಗಾಯಿಸಲು ಅವಕಾಶವಿದೆ. ತೀರಿಕೊಂಡರಂತೂ ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಂ ಪ್ರಕಾರ ಠಾಣೆಗೋ ಪರವಾನಗಿ ಪಡೆದ ಡೀಲರಿಗೋ ಒಪ್ಪಿಸಬೇಕು. ಮಗ ತಾನಿರುವ ಊರಿನಲ್ಲಿ ಅರ್ಜಿ ಹಾಕಿ, ಓಡಾಡಿ, ಲೈಸೆನ್ಸ್ ಪಡೆದ ಎನ್ನೋಣ. ಕಾಗದ ಹೈದರಾಬಾದಿನಲ್ಲಿ, ಬಂದೂಕು ಚನ್ನಗಿರಿ ಠಾಣೆಯಲ್ಲಿ. ನಡುವೆ ಎರಡು ರಾಜ್ಯ, ಹಲವು ಜಿಲ್ಲೆ. ಠಾಣೆಗಳ ಕಪಾಟಿನಲ್ಲಿ ಚೀಟಿ ಅಂಟಿಸಿಕೊಂಡು ತುಕ್ಕು ಹಿಡಿಯುವ ಬಂದೂಕುಗಳ ಹಿಂದೆ ಇಂಥ ಕತೆಗಳೇ ಇರುತ್ತವೆ. ಮಗ ಒಮ್ಮೆ ಬಂದು, ಲಗೇಜಿಗೆ ಹಾಕಿಸಿ ಒಯ್ದರೆ ಯಾರಿಗೇನು ನಷ್ಟ?

ಇನ್ನು ಸೈನ್ಯದಿಂದ ನಿವೃತ್ತರಾಗಿ ಬೇರೆ ರಾಜ್ಯದಲ್ಲಿ ಬ್ಯಾಂಕು, ಹಣದ ವಾಹನಗಳ ಕಾವಲಿಗೆ ಹೋಗುವವರು. ಸ್ವಂತ ಬಂದೂಕು ಇದ್ದವರಿಗೆ ಕೆಲಸ ಬೇಗ ಸಿಗುತ್ತದೆ, ಸಂಬಳವೂ ತುಸು ಹೆಚ್ಚು. ಹದಿನೈದಿಪ್ಪತ್ತು ವರ್ಷ ಸರ್ಕಾರದ ರೈಫಲ್ ಹೊತ್ತವರನ್ನು ಒಂದು ಒಂಟಿನಳಿಗೆಗಾಗಿ ಅನುಮಾನಿಸುವುದು ವಿಚಿತ್ರವಾಗಿ ಕಾಣುತ್ತದೆ. 2024ರ ಅಕ್ಟೋಬರಿನಲ್ಲಿ ನ್ಯಾಮತಿಯ ಬ್ಯಾಂಕಿನಿಂದ 17 ಕೆ.ಜಿ. 700 ಗ್ರಾಂ ಚಿನ್ನ ಕಳುವಾದ ಮೇಲೆ ಬಂದೂಕಿನ ಕಾವಲು ಬೇಡ ಎನ್ನುವ ಧೈರ್ಯ ಇಲ್ಲಿ ಯಾರಿಗಿದೆ?

ಕೊಡಗಿನ ಮಾತನ್ನೂ ಪರದವರು ಎತ್ತುತ್ತಾರೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಕೊಟ್ಟ ಬಂದೂಕಿನ ವಿನಾಯಿತಿ ರೂಪ ಬದಲಿಸುತ್ತ ಬಂದಿದೆ. 2019ರ ಅಕ್ಟೋಬರಿನ ಕೇಂದ್ರ ಅಧಿಸೂಚನೆ ಅದನ್ನು 2029ರ ವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಜಿಲ್ಲೆಯ ಹೊರಗೆ ಒಯ್ಯುವ ಬಂದೂಕು, ತೋಟಾಗಳಿಗೆ ಅಲ್ಲಿ ಮಿತಿಯಿದೆ, ಒಯ್ಯಲೇಬಾರದು ಎಂದಿಲ್ಲ. ಅವರಿಗೆ ಲೈಸೆನ್ಸೇ ಇಲ್ಲದೆ ಸಲ್ಲುವುದು ನಮಗೆ ಲೈಸೆನ್ಸ್ ಇದ್ದೂ ಯಾಕೆ ಸಲ್ಲದು ಎಂಬುದು ಪ್ರಶ್ನೆ. (ಈ ಹೋಲಿಕೆ ನನಗೆ ಹಿಡಿಸುವುದಿಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುವ ಕೋವಿಗೂ ಹಂದಿ ಬೆದರಿಸಲು ಕೊಂಡ ಬಂದೂಕಿಗೂ ಹುಟ್ಟೇ ಬೇರೆ.)

ಪರದವರ ಬೇಡಿಕೆ ಹೆಚ್ಚಿನದೇನೂ ಅಲ್ಲ. ಶಾಶ್ವತ ವ್ಯಾಪ್ತಿ ಬೇಡ, ಒಂದು ಪ್ರಯಾಣದ ಚೀಟಿ ಸಾಕು. ಇಂಥ ದಿನ, ಇಂಥ ವಿಮಾನ, ಇಂಥ ಊರಿನಿಂದ ಇಂಥ ಊರಿಗೆ. ಪ್ರತಿ ಲೈಸೆನ್ಸಿಗೂ ಈಗ ರಾಷ್ಟ್ರೀಯ ದತ್ತಾಂಶದಲ್ಲಿ ಒಂದು ವಿಶಿಷ್ಟ ಸಂಖ್ಯೆಯಿದೆ. ಕೌಂಟರಿನಲ್ಲಿ ಆ ಸಂಖ್ಯೆ ಒತ್ತಿದರೆ ಅನುಮತಿ ಇದೆಯೋ ಇಲ್ಲವೋ ತೋರಬೇಕು. ಇಳಿದ ಊರಿನ ಠಾಣೆಗೆ ಸಂದೇಶ ಹೋಗಬೇಕು. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು, ಆದರೆ ಲೈಸೆನ್ಸಿನ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿತು. ಐದು ವರ್ಷ ನಂಬುವವರನ್ನು ಒಂದು ದಿನದ ಪ್ರಯಾಣಕ್ಕೆ ನಂಬಬಾರದೆ?

ವಿರೋಧ

ನಂಬಿಕೆ ಇಟ್ಟಿರುವುದು ಯಾವುದಕ್ಕೆ ಎಂದು ಮೊದಲು ನೋಡಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ಬೆಳೆ ರಕ್ಷಣೆಗೆಂದು ಹೆಸರಿಸುವುದು ಬಾಯಿಂದ ಮದ್ದು ತುಂಬುವ ಬಂದೂಕನ್ನು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನುಣುಪು ನಳಿಗೆಯದನ್ನು ಕೊಡಬಹುದು. ಅಂದರೆ ಆ ಬಂದೂಕನ್ನು ಕೊಟ್ಟದ್ದೇ ಒಂದು ಹೊಲಕ್ಕೆ. ಹೊಲ ಊರಲ್ಲಿ ಬಿದ್ದಿರುವಾಗ ಬಂದೂಕು ಅಹಮದಾಬಾದಿಗೆ ಹೋಗಿ ಯಾವ ಬೆಳೆ ಕಾಯುತ್ತದೆ?

ಮದ್ದಿನ ಬಂದೂಕನ್ನು ಕೌಂಟರಿನಲ್ಲಿ ಪರೀಕ್ಷಿಸುವ ಬಗೆ ಹೇಗೆ ಎಂಬುದಕ್ಕೂ ಪರದವರಲ್ಲಿ ಉತ್ತರವಿಲ್ಲ. ಅದು ಮಡಚುವುದಿಲ್ಲ, ಬುಡ ಮುಚ್ಚಿಕೊಂಡಿರುತ್ತದೆ, ದೀಪಕ್ಕೆ ಹಿಡಿದರೆ ಕತ್ತಲೆಯೇ ಕಾಣುತ್ತದೆ. ನಳಿಗೆಯೊಳಗೆ ಸಲಾಕೆ ಇಳಿಸಬೇಕು, ಅದು ಎಲ್ಲಿಗೆ ತಾಗಿತೆಂದು ಬಾಯಿಯ ಬಳಿ ಬೆರಳಿಟ್ಟು ಗುರುತು ಮಾಡಬೇಕು, ಅದೇ ಸಲಾಕೆಯನ್ನು ಹೊರಗಿನಿಂದ ನಳಿಗೆಗೆ ಒರಗಿಸಿ ಅಳತೆ ಹೋಲಿಸಬೇಕು. ನಾಲ್ಕು ಬೆರಳು ಕಡಿಮೆ ಬಂದರೆ ಒಳಗೆ ಮದ್ದು ಕೂತಿದೆ ಎಂದು ಅರ್ಥ. ಈ ವಿದ್ಯೆ ನ್ಯಾಮತಿಯ ಅಜ್ಜನಿಗೆ ಗೊತ್ತು, ಕೌಂಟರಿನ ಹುಡುಗಿಗೆ ಯಾರು ಕಲಿಸಿದ್ದಾರೆ? ಸಡಿಲ ಮದ್ದು, ಕೇಪುಗಳನ್ನಂತೂ ವಿಮಾನದ ಯಾವ ಚೀಲದಲ್ಲೂ ಒಯ್ಯುವಂತಿಲ್ಲ.

ಜಗಳೂರಿನ ಉದಾಹರಣೆ ಇನ್ನೂ ಗಟ್ಟಿ. ಅಲ್ಲಿ ರಂಗಯ್ಯನದುರ್ಗದ ಕೊಂಡುಕುರಿ ಧಾಮವಿದೆ, 2011ರಲ್ಲಿ ಘೋಷಣೆಯಾದದ್ದು. ವನ್ಯಜೀವಿ ಕಾಯ್ದೆಯ 31ನೇ ಕಲಂ ಪ್ರಕಾರ ಅನುಮತಿಯಿಲ್ಲದೆ ಧಾಮದೊಳಗೆ ಆಯುಧ ಹಿಡಿದು ಕಾಲಿಡುವಂತಿಲ್ಲ. ಕಾಡಂಚಿನ ರೈತರ ಬಂದೂಕು, ಲೈಸೆನ್ಸ್ ಎಷ್ಟೇ ಸರಿಯಿದ್ದರೂ, ಪಕ್ಕದ ಗುಡ್ಡಕ್ಕೇ ಹೋಗುವಂತಿಲ್ಲ. ಬಂದೂಕನ್ನು ಜಾಗಕ್ಕೆ ಕಟ್ಟಿಹಾಕುವುದೇ ನಮ್ಮ ಕಾನೂನಿನ ರೀತಿ.

ವಿಮಾನದ ಹೊಟ್ಟೆಯಲ್ಲಿರುವಷ್ಟು ಹೊತ್ತು ಭದ್ರ ಎಂಬುದನ್ನು ಒಪ್ಪೋಣ. ಇಳಿದ ಮೇಲೆ? 2017ರ ಜನವರಿ 6ರಂದು ಅಮೆರಿಕದ ಫ್ಲಾರಿಡಾದಲ್ಲಿ, ಫೋರ್ಟ್ ಲಾಡರ್‌ಡೇಲ್ ನಿಲ್ದಾಣದಲ್ಲಿ, ಅಲಾಸ್ಕಾದಿಂದ ಬಂದ ಒಬ್ಬ ಪ್ರಯಾಣಿಕ ತನ್ನ ಪಿಸ್ತೂಲಿನ ಪೆಟ್ಟಿಗೆ ಬಿಡಿಸಿಕೊಂಡ, ಶೌಚಾಲಯಕ್ಕೆ ಹೋಗಿ ಗುಂಡು ತುಂಬಿದ, ಹೊರಬಂದು ಲಗೇಜಿಗೆ ಕಾದು ನಿಂತವರಲ್ಲಿ ಐವರನ್ನು ಕೊಂದ. ಹೊರಡುವಾಗ ಅವನು ಎಲ್ಲವನ್ನೂ ನಿಯಮದಂತೆಯೇ ಮಾಡಿದ್ದ: ಮುಂಚಿತವಾಗಿ ತಿಳಿಸಿದ್ದ, ಬೀಗದ ಪೆಟ್ಟಿಗೆಯಲ್ಲಿಟ್ಟಿದ್ದ. ಹತ್ತುವ ಕಡೆಯ ತಪಾಸಣೆ ಎಷ್ಟು ಬಿಗಿಯಿದ್ದರೂ ಇಳಿಯುವ ಕಡೆ ಪೆಟ್ಟಿಗೆಯೂ ಬೀಗದ ಕೈಯೂ ಒಬ್ಬನ ಕೈಗೇ ಸೇರುತ್ತವೆ. (ಪರದವರ ವಾದಗಳಲ್ಲಿ ನಾನು ಅಳ್ಳಕ ಕಂಡದ್ದು ಇಲ್ಲಿಯೇ. ಇಳಿದ ಊರಿನ ಠಾಣೆಗೆ ಸಂದೇಶ ಹೋಗಬೇಕು ಎನ್ನುತ್ತಾರೆ. ಸಂದೇಶ ನೋಡಿ ಯಾರಾದರೂ ಬರುವ ಹೊತ್ತಿಗೆ ಪ್ರಯಾಣಿಕ ಆಟೋ ಹಿಡಿದಿರುತ್ತಾನೆ.)

ಮರೆವಿನ ಸಂಗತಿ ಇನ್ನೊಂದಿದೆ. ಬಂದೂಕು ಓಡಾಡಿದಷ್ಟೂ ತೋಟಾಗಳು ಚೀಲದ ಸಂದುಗಳಲ್ಲಿ ಉಳಿಯುತ್ತವೆ. ಮುಂದಿನ ಸಲ ಮದುವೆಗೆಂದು ಅದೇ ಚೀಲ ಹಿಡಿದು ಹೊರಟಾಗ ಎಕ್ಸ್‌ರೇ ಪರದೆಯ ಮೇಲೆ ಗುಂಡು ಕಾಣುತ್ತದೆ. ಪೊಲೀಸು, ಎಫ್‌ಐಆರ್, ವರ್ಷಗಟ್ಟಲೆ ಕೋರ್ಟು. ಇಟ್ಟುಕೊಂಡದ್ದು ಅರಿವಿನಿಂದಲೋ ಅರಿವಿಲ್ಲದೆಯೋ ಎಂದು ನೋಡಬೇಕು ಎಂದು ಸುಪ್ರೀಂ ಕೋರ್ಟ್ 1972ರಲ್ಲೇ ಹೇಳಿದೆ, ಆ ಆಧಾರದ ಮೇಲೆ ಎಷ್ಟೋ ಮೊಕದ್ದಮೆ ರದ್ದಾಗಿವೆ. ಆದರೆ ರದ್ದಾಗುವವರೆಗಿನ ಅಲೆದಾಟ ಯಾರೂ ವಾಪಸ್ ಕೊಡುವುದಿಲ್ಲ. ಲಗೇಜಿನಲ್ಲಿ ಒಯ್ಯಲು ಧಾರಾಳವಾಗಿ ಬಿಟ್ಟಿರುವ ಅಮೆರಿಕದಲ್ಲಿ 2024ರೊಂದರಲ್ಲೇ ತಪಾಸಣೆಯವರು ಪ್ರಯಾಣಿಕರ ಕೈಚೀಲಗಳಲ್ಲಿ 6,678 ಬಂದೂಕು ಹಿಡಿದರು. ಹೆಚ್ಚಿನವುಗಳಲ್ಲಿ ಗುಂಡು ತುಂಬಿತ್ತು. "ಮರೆತಿದ್ದೆ" ಎನ್ನುವುದೇ ಅಲ್ಲಿನ ಮಾಮೂಲಿ ಉತ್ತರ.

ಕಾಗದದ ಮೇಲೆ ಎಷ್ಟು ಭರವಸೆ ಇಡಬಹುದು? ಜಮ್ಮು ಕಾಶ್ಮೀರದಲ್ಲಿ 2012ರಿಂದ 2016ರ ನಡುವೆ 2.78 ಲಕ್ಷಕ್ಕೂ ಹೆಚ್ಚು ಲೈಸೆನ್ಸುಗಳು ಅನರ್ಹರಿಗೆ ಹೋದವೆಂಬ ಆರೋಪದ ಮೇಲೆ ಸಿಬಿಐ ತನಿಖೆ ನಡೆಸಿತು. ಅಂಥ ಪುಸ್ತಕ ಹಿಡಿದು ಬಂದವರನ್ನು ದೂರದ ಊರಿನ ಕೌಂಟರು ಹೇಗೆ ಗುರುತಿಸಬೇಕು? ವಿಶಿಷ್ಟ ಸಂಖ್ಯೆಯೂ ಆ ಲೈಸೆನ್ಸಿಗೆ ಸಿಕ್ಕಿದ್ದರೆ ಯಂತ್ರ ಸರಿ ಎಂದೇ ತೋರಿಸುತ್ತದೆ. ಒಂದು ಜಿಲ್ಲೆಯೊಳಗೆ ಈ ಅಪಾಯಕ್ಕೆ ಮಿತಿಯಿದೆ: ಠಾಣೆಯವರಿಗೆ ಮನುಷ್ಯ ಗೊತ್ತು, ಚುನಾವಣೆ ಬಂದಾಗ ಬಂದೂಕು ಎಲ್ಲಿದೆಯೆಂದು ಕೇಳಿ ತರಿಸಿಕೊಳ್ಳುತ್ತಾರೆ. ಬಂದೂಕು ಪುಣೆಗೆ ಹೋಗಿದೆ ಎಂದರೆ ಠಾಣಾಧಿಕಾರಿ ಏನು ಬರೆದುಕೊಳ್ಳಬೇಕು?

ವಾರಸುದಾರ ಮಗನ ಕತೆ ಮಾತ್ರ ವಿರೋಧದವರನ್ನೂ ಮೆತ್ತಗಾಗಿಸುತ್ತದೆ. ಅವನಿಗೆ ಒಂದು ಸಲದ ಚೀಟಿ ಕೊಡಲಿ, ಆದರೆ ಬಂದೂಕು ಅವನ ಕೈಯಲ್ಲಿ ಬೇಡ. ಇಲ್ಲಿನ ಡೀಲರಿನಿಂದ ಅಲ್ಲಿನ ಡೀಲರಿಗೆ ಹೋಗಲಿ, ಅವನು ಅಲ್ಲಿ ಲೈಸೆನ್ಸ್ ತೋರಿಸಿ ಬಿಡಿಸಿಕೊಳ್ಳಲಿ. ಖರ್ಚು ಸ್ವಲ್ಪ ಜಾಸ್ತಿ, ನಿಜ. ಸ್ಪರ್ಧಿಗಳಿಗೆ ಈಗಾಗಲೇ ದಾರಿಯಿದೆ, ಅದನ್ನು ಚುರುಕು ಮಾಡಬೇಕು. ತುಘಲಕಾಬಾದಿನ ಕರ್ಣಿ ಸಿಂಗ್ ರೇಂಜಿನಲ್ಲಿ ಸ್ಪರ್ಧೆಯಿರುವಾಗ ಕಾಗದಕ್ಕಾಗಿ ಜಿಲ್ಲಾ ಕಚೇರಿಯ ಬೆಂಚು ಕಾಯುವ ಗತಿ ಯಾವ ಹುಡುಗ ಹುಡುಗಿಗೂ ಬರಬಾರದು.

ಕಾವಲಿನ ಕೆಲಸದ್ದು ಬೇರೆ ತಕರಾರು. ನ್ಯಾಮತಿಯ ಕಳ್ಳರು ಗುಂಡು ಹಾರಿಸಿ ಬಂದವರಲ್ಲ. ಕಿಟಕಿಯ ಸರಳು ತೆಗೆದು ಒಳಹೊಕ್ಕರು, ಗ್ಯಾಸ್ ಕಟರಿನಿಂದ ಲಾಕರ್ ಕೊರೆದರು, ಕ್ಯಾಮೆರಾದ ದಾಖಲೆಯನ್ನೂ ಹೊತ್ತೊಯ್ದರು. ತಿಂಗಳುಗಳ ಮೇಲೆ ಪೊಲೀಸರು ಚಿನ್ನವನ್ನು ತೆಗೆದದ್ದು ಮಧುರೈ ಜಿಲ್ಲೆಯ ಒಂದು ಬಾವಿಯಿಂದ. ನಿವೃತ್ತ ಯೋಧರನ್ನು ನೌಕರಿಗೆ ಕರೆಯುವ ಸಂಸ್ಥೆ ಅವರ ಬಂದೂಕನ್ನೂ ಜತೆಗೆ ಕರೆಯುವುದೇಕೆ? ತನ್ನ ಹೆಸರಿನಲ್ಲಿ ಲೈಸೆನ್ಸ್ ಪಡೆದು, ತನ್ನ ಹಣದಲ್ಲಿ ಬಂದೂಕು ಕೊಂಡು, ಬಾಗಿಲಲ್ಲಿ ನಿಲ್ಲುವವರ ಕೈಗೆ ಕೊಡುವ ಖರ್ಚು ಅದಕ್ಕೆ ಬೇಡ. ತಪ್ಪಿದ ಗುಂಡಿನ ಹೊಣೆಯೂ ಕಳುವಾದ ಬಂದೂಕಿನ ಕೇಸೂ ಆಗ ಹೊನ್ನಾಳಿಯ ಮನೆಯವರ ತಲೆಗೇ ಬರುತ್ತವೆ. ಅವರಿಗೆ ಆ ಹೆಚ್ಚಿನ ಸಂಬಳ ಬರುವುದೂ ಅದಕ್ಕೇ.